ಮಿರಗಿಯ ಕಣ್ಣೀರ ಸುಳಿ

ನನ್ನ ತಗಡಿನ ಟ್ರಂಕಿನ ಮೇಲೆ ಮೊಮ್ಮಗಳು ಸುಧಾಳಿಗೆ ಯಾವಾಗಿನಿಂದಲೋ ಕಣ್ಣು. ಬೀದರಿನಲ್ಲಿ ಇಂಗ್ಲಿಷ್ ಎಂ.ಎ. ಓದುವ ಹುಡುಗಿ, ರಜೆಗೆ ಭಾಲ್ಕಿಗೆ ಬಂದರೆ ಸುಮ್ಮನೆ ಕೂರುವುದಿಲ್ಲ. ಹೋದ ತಿಂಗಳು ಬಂದವಳು, ನಾನು ಪೂಜೆಗೆ ಕೂತಿದ್ದಾಗ ಸದ್ದಿಲ್ಲದೆ ಟ್ರಂಕು ತೆಗೆದಳು. ಬೇವಿನ ಎಲೆ, ಹಳೇ ಇಳಕಲ್ಲು ಸೀರೆ, ಇಲಿ ಹಿಕ್ಕೆ ಎಲ್ಲ ಕೂಡಿದ ವಾಸನೆ ದೇವರ ಕೋಣೆಯವರೆಗೂ ಬಂತು. ಲಿಂಗ ಕೈಯಲ್ಲಿದ್ದಾಗ ಸಿಟ್ಟು ಮಾಡಬಾರದು ಅಂತ ತಡೆದುಕೊಂಡೆ.

ಎದ್ದು ಬಂದು ನೋಡಿದರೆ ಅವಳ ತೊಡೆಯ ಮೇಲೆ ಬಿಳಿ ಬಟ್ಟೆಯ ಗಂಟು. ಬಟ್ಟೆ ಹಳದಿಗೆ ತಿರುಗಿದೆ. ಆದರೆ ಮೂಲೆಯಲ್ಲಿ ಮಡಿವಾಳರು ಹಾಕಿದ ಗುರುತು, ಎರಡು ಗೆರೆ ಒಂದು ಚುಕ್ಕಿ, ನಿನ್ನೆ ಹಾಕಿದ ಹಾಗೆ ಕಪ್ಪಗೆ ಕೂತಿದೆ. ಕೇರುಬೀಜದ ಎಣ್ಣೆಯ ಗುರುತು ಅದು. ನಮ್ಮ ಕಡೆ ಆ ಬೀಜಕ್ಕೆ ಬಿಬ್ಬಾ ಅಂತಾರೆ. ಬಟ್ಟೆ ಹರಿದು ಚಿಂದಿಯಾದರೂ ಬಿಬ್ಬಾದ ಗುರುತು ಹೋಗುವುದಿಲ್ಲ. ಅದನ್ನು ನನಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ.

"ಆಯಿ, ಇದು ಇಂಗ್ಲಿಷ್ ಪುಸ್ತಕ!" ಅಂದಳು ಸುಧಾ. ಕೆಂಪು ರಟ್ಟು, ರಟ್ಟಿನ ಮೇಲೆ ಒಬ್ಬ ಹುಡುಗಿ ಕುದುರೆಯ ಕೊರಳಿಗೆ ಕೆನ್ನೆ ಇಟ್ಟು ನಿಂತ ಚಿತ್ರ. "ನಿನಗ ಎಲ್ಲಿಂದ ಬಂತು? ನಿನಗ ಎ ಬಿ ಸಿ ಬರಲ್ಲ."

"ಬರದಿದ್ರ ಏನಾಯ್ತು? ಕಥಿ ಪೂರಾ ಗೊತ್ತದ ನನಗ," ಅಂದೆ. ಅರವತ್ತು ವರ್ಷ ಹಾಗೆಯೇ ನಂಬಿದ್ದೆ.

ನನಗಾಗ ಹನ್ನೊಂದು ವರ್ಷ. ನಿಜಾಮರ ಆಳ್ವಿಕೆ. ಅಪ್ಪ ಗುರಪ್ಪನದು ಬಾಡಿಗೆ ಟಾಂಗಾ. ಭಾಲ್ಕಿಯಿಂದ ಹಲಬರ್ಗಾ ಮೇಲೆ ಹಾಯ್ದು ಬೀದರಕ್ಕೆ, ಬೀದರದಿಂದ ತಿರುಗಿ ಭಾಲ್ಕಿಗೆ. ಭಾಲ್ಕಿಗೆ ಇನ್ನೂ ರೈಲು ಬಂದಿರಲಿಲ್ಲ. ಹಲಬರ್ಗಾದ ಆಚೆ ಹಳಿ ಹಾಸುವ ಮಣ್ಣಿನ ಕೆಲಸ ನಡೆದಿತ್ತು. ಅವ್ವ ನಾನು ಚಿಕ್ಕವಳಿದ್ದಾಗಲೇ ತೀರಿದ್ದಳು. ಮನೆಯಲ್ಲಿ ಅಪ್ಪ, ಅಪ್ಪನ ತಾಯಿ ಅಂದರೆ ನಮ್ಮ ಆಯಿ, ನಾನು, ಮತ್ತೆ ಗಂಗಿ ಅನ್ನುವ ಕಂದು ಬಣ್ಣದ ಹೆಣ್ಣು ಕುದುರೆ. ಗಂಗಿಯ ದುಡಿಮೆಯಲ್ಲಿ ನಾವು ಮೂವರೂ ಉಣ್ಣುತ್ತಿದ್ದೆವು.

ಆ ವರ್ಷ ಮಿರಗದ ಮಳೆ, ಅಂದರೆ ಮೃಗಶಿರಾ ಮಳೆ, ಹೇಳಿದ ದಿನಕ್ಕೆ ಬಂತು. ಕಾದ ಕೆಂಪು ಮಣ್ಣಿನ ಮೇಲೆ ಮೊದಲ ಹನಿಗಳು ಬೀಳುತ್ತಿದ್ದಾಗಲೇ ಹಿತ್ತಲ ಚಪ್ಪರದಲ್ಲಿ ಗಂಗಿ ಮರಿ ಹಾಕಿದಳು. ಹೆಣ್ಣು ಮರಿ. ಕಾಲು ಎಷ್ಟು ಉದ್ದ ಅಂದರೆ ಅವನ್ನು ಏನು ಮಾಡಬೇಕೆಂದು ಅದಕ್ಕೇ ತಿಳಿಯದು. ನಾಲ್ಕು ಸಲ ಬಿದ್ದು ಐದನೇ ಸಲ ನಿಂತಿತು. ಅಪ್ಪ ರುಮಾಲು ಬಿಚ್ಚಿ ಅದರಿಂದಲೇ ಮರಿಯ ಮೈ ಒರೆಸಿದ. ಮಿರಗದಲ್ಲಿ ಹುಟ್ಟಿದ್ದಕ್ಕೆ ಮಿರಗಿ ಅಂತ ಹೆಸರಿಟ್ಟವಳು ನಾನು.

"ಗಂಗಿಗ ವಯಸ್ಸಾಯ್ತು. ಇನ್ನ್ ಮೂರು ವರ್ಷಕ್ಕ ಇದು ಟಾಂಗಾಕ್ಕ ಬರ್ತದ ನೋಡವಾ," ಅಂದ ಅಪ್ಪ. ಅವನು ಅಷ್ಟು ನಕ್ಕಿದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

ಆ ಸಂತೋಷ ಒಂದು ವಾರವೂ ನಿಲ್ಲಲಿಲ್ಲ. ಗಂಗಿಗೆ ಲಾಳ ಕಟ್ಟಲು ನಾಲಬಂದ ಇಮಾಮಸಾಬ್ ಬಂದ. ಅಪ್ಪನ ವಾರಿಗೆಯವನು, ಒಳ್ಳೆಯವನು, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಕುದುರೆ ಸುಳಿ ಓದುವುದರಲ್ಲಿ ಅವನ ಮಾತೇ ಕೊನೆ. ಕುದುರೆಯ ಕೂದಲು ಎಲ್ಲೆಲ್ಲಿ ಸುತ್ತಿ ಸುಳಿಯಾಗಿದೆ ಅಂತ ನೋಡಿ ಅದು ಮನೆ ಕಟ್ಟುತ್ತದೋ ಮುರಿಯುತ್ತದೋ ಹೇಳುವುದು ನಮ್ಮ ಕಡೆಯ ಪದ್ಧತಿ. ಹೆಣ್ಣು ನೋಡಲು ಹೋದಾಗಲೂ ಜನ ಅಷ್ಟು ತಪಾಸು ಮಾಡುತ್ತಿರಲಿಲ್ಲ. ಇಮಾಮಸಾಬ್ ಮಿರಗಿಯ ಹಣೆ ಸವರಿದ, ಎದೆ ಸವರಿದ, "ವಾಹ್ ವಾಹ್" ಅಂದ. ಎಡಗಣ್ಣಿನ ಕೆಳಗೆ ಬೆರಳು ಬಂದದ್ದೇ ಅಲ್ಲೇ ನಿಂತಿತು.

"ಗುರಪ್ಪ... ಆಸೂ ಢಾಲ್ ಅದ."

ಆಸೂ ಢಾಲ್ ಅಂದರೆ ಕಣ್ಣೀರ ಸುಳಿ. ಕಣ್ಣಿಂದ ನೀರು ಇಳಿಯುವ ಜಾಗದಲ್ಲೇ ಸುಳಿ. ಅದು ಇರುವ ಕುದುರೆ ಕಟ್ಟಿದ ಮನೆ ಅಳುತ್ತದೆ ಅಂತ ನಂಬಿಕೆ. ಅಪ್ಪ ಬಗ್ಗಿ ನೋಡಿದ, ಮತ್ತೊಮ್ಮೆ ನೋಡಿದ.

"ಶರಣರ ಮನ್ಯಾಗ ಶಕುನ ಕೇಳಬಾರದಪ್ಪ," ಅಂದೆ ನಾನು, ಮಠದಲ್ಲಿ ಅಯ್ಯನವರು ಹೇಳಿದ್ದನ್ನು ನೆನೆದು.

"ನಾ ಕೇಳಲ್ಲ ಖರೇ. ಟಾಂಗಾದಾಗ ಕುಂದ್ರೋರು ಕೇಳ್ತಾರಲ್ಲ?" ಅಂದ ಅಪ್ಪ. "ಮದುವಿ ಮಂದಿ ಹತ್ತತಾರ? ಬಾಣಂತ್ಯಾರು ಹತ್ತತಾರ? ಸುಳಿ ಕುದುರಿ ಅಂತ ಊರಿಗೆಲ್ಲ ಸುದ್ದಿ ಆಗ್ತದ. ವರ್ಷ ತುಂಬಲಿ, ಔರಾದದ ಸೌದಾಗರ ಬಂದಾಗ ಕೊಟ್ಟಬಿಡ್ತೇನಿ."

ಔರಾದದ ಸೌದಾಗರ ಪ್ರತಿ ವರ್ಷ ಬೇಸಿಗೆಯ ಕೊನೆಗೆ ಬರುತ್ತಿದ್ದ. ಸುಳಿ ಇದ್ದವು, ಕುಂಟುವವು, ಯಾರಿಗೂ ಬೇಡವಾದ ಕುದುರೆಗಳನ್ನು ಹಗ್ಗಕ್ಕೆ ಸಾಲಾಗಿ ಕಟ್ಟಿ ಒಯ್ಯುತ್ತಿದ್ದ. ಎಲ್ಲಿಗೆ ಅಂತ ನಾನು ಕೇಳಿರಲಿಲ್ಲ. ದೀಪಾವಳಿ ಆದಮೇಲೆ ಕೇಳದೆಯೇ ತಿಳಿಯಿತು. ಅಪ್ಪ ಮಾಂಜ್ರಾ ಹೊಳೆಯ ದಂಡೆಗೆ, ರೈಲಿನ ಸೇತುವೆ ಕಟ್ಟುವಲ್ಲಿಗೆ ಒಬ್ಬ ಸಾಹೇಬರನ್ನು ಬಿಡಲು ಹೋದಾಗ ನನ್ನನ್ನೂ ಕರೆದೊಯ್ದಿದ್ದ. ಅಲ್ಲಿ ಗಾರೆ ಅರೆಯುವ ಗಾಣ ಇತ್ತು. ಒಂದು ಬೂದು ಕುದುರೆ, ಎರಡೂ ಕಣ್ಣಿಗೆ ಗೋಣಿ ಪಟ್ಟಿ, ಸುತ್ತುತ್ತಲೇ ಇದೆ. ಸುಣ್ಣದ ಧೂಳು ಬಿದ್ದು ಕಾಲಿನ ಚರ್ಮ ಸುಲಿದಿದೆ.

"ಅಪ್ಪ, ಇದು ಎಲ್ಲಿಂದ ಬಂದದ?"

ಅಪ್ಪ ಗಂಗಿಯ ಲಗಾಮು ನೋಡುತ್ತ ಹೇಳಿದ: "ಸೌದಾಗರ ತಂದಿದ್ದು."

ದಾರಿಯುದ್ದಕ್ಕೂ ನಾನು ಅತ್ತೆ. ಹಲಬರ್ಗಾದಲ್ಲಿ ಅಪ್ಪ ಬೆಲ್ಲ ಶೇಂಗಾ ಕೊಡಿಸಿದ. ತಿಂದೆ, ಸುಳ್ಳೇಕೆ ಹೇಳಲಿ, ತಿನ್ನುತ್ತ ಅತ್ತೆ.

ಅದೇ ಚಳಿಗಾಲದಲ್ಲಿ ಝೈನಬ್ ಸಿಕ್ಕಳು. ಹೈದರಾಬಾದಿನಿಂದ ವರ್ಗವಾಗಿ ಬಂದ ಮುನ್ಸೀಫ ಸಾಹೇಬರ ಮಗಳು, ನನಗಿಂತ ಒಂದು ವರ್ಷ ದೊಡ್ಡವಳು. ಅವರ ಮನೆಯ ಹೆಂಗಸರು ಪರದೆ ಕಟ್ಟಿದ ನಮ್ಮ ಟಾಂಗಾದಲ್ಲೇ ಓಡಾಡುತ್ತಿದ್ದರು. ಒಮ್ಮೆ ಪರದೆಯ ಸಂದಿಯಿಂದ ಒಂದು ಕೈ ಬಂದು ಗಂಗಿಯ ಹಿಂದೆ ಓಡಿ ಬರುತ್ತಿದ್ದ ಮಿರಗಿಗೆ ಸಕ್ಕರೆ ಹಿಡಿಯಿತು. ಹಾಗೆ ಶುರುವಾಯಿತು ನಮ್ಮ ಗೆಳೆತನ. ಮಧ್ಯಾಹ್ನ ಅಪ್ಪ ಬೀದರದ ದಾರಿಯಲ್ಲಿದ್ದಾಗ ನಾನು ಅವರ ಅಂಗಳದಲ್ಲಿ ಇರುತ್ತಿದ್ದೆ. "ಅಲ್ಲಿ ನೀರ ಗೀರ ಕುಡಿದಿ ನೋಡು ಮತ್ತ!" ಅಂತ ಆಯಿ ದಿನಾ ಗದರುವಳು. ನಾನು ದಿನಾ ಶರಬತ್ತು ಕುಡಿದು ಬಾಯಿ ಒರೆಸಿಕೊಂಡು ಬರುತ್ತಿದ್ದೆ.

ಝೈನಬಳ ಹತ್ತಿರ ಈ ಕೆಂಪು ಪುಸ್ತಕ ಇತ್ತು. ಅವಳ ಮನೆಗೆ ಬಂದು ಪಾಠ ಹೇಳುತ್ತಿದ್ದ ಮೇಡಂ ಕೊಟ್ಟಿದ್ದಂತೆ. ಇಂಗ್ಲಿಷಿನಲ್ಲಿ ಒಂದೊಂದು ಸಾಲು ಓದಿ, ನನಗೆ ತಿಳಿಯುವ ಹಾಗೆ ದಖ್ಖನಿಯಲ್ಲಿ ಹೇಳುತ್ತಿದ್ದಳು. ದೂರದ ಚಳಿ ದೇಶದ ಒಬ್ಬ ಹುಡುಗಿ, ಹಣೆಯಲ್ಲಿ ಬಿಳಿ ಚುಕ್ಕೆ ಇರುವ ಅವಳ ಕುದುರೆ, ಅದನ್ನು ಮಾರಬೇಕೆಂದು ಕೂತ ಅವಳ ಚಿಕ್ಕಪ್ಪ. ನಮ್ಮ ಮನೆಯ ಕಥೆಯನ್ನೇ ಯಾರೋ ಕದ್ದು ಬರೆದಿದ್ದಾರೆ ಅನಿಸಿತು ನನಗೆ. ದಿನಕ್ಕೆ ಹತ್ತು ಸಲ ಕೇಳುತ್ತಿದ್ದೆ: "ಆ ಕುದುರಿಗ ಸುಳಿ ಎಲ್ಲ್ಯದ?"

"ಅರೇ, ಸುಳಿ ಬಗ್ಗೆ ಬರೆದೇ ಇಲ್ಲ ನೀಲೂ."

"ಸುಳಿ ಇಲ್ಲದ ಕುದುರಿ ಇರ್ತದೇನು? ಛಂದಾಗಿ ನೋಡು."

ಪಾಪ, ಅವಳು ಚಿತ್ರಗಳನ್ನೆಲ್ಲ ಬೆಳಕಿಗೆ ಹಿಡಿದು ಹುಡುಕುತ್ತಿದ್ದಳು. ಅಷ್ಟು ದೊಡ್ಡ ಪುಸ್ತಕ ಬರೆದವರು ಸುಳಿ ನೋಡದೆ ಕುದುರೆ ಕಥೆ ಬರೆದಿದ್ದಾರಲ್ಲ, ಎಂಥಾ ದಡ್ಡರು ಅಂದುಕೊಂಡೆ.

ಬೇಸಿಗೆ ಬಂತು. ಮಿರಗಿಗೆ ವರ್ಷ ತುಂಬುತ್ತ ಬಂತು. ನನ್ನ ದನಿ ಕೇಳಿದರೆ ಚಪ್ಪರದಿಂದ ಕೆನೆಯುವಳು, ನನ್ನ ಜಡೆಯ ತುದಿಯನ್ನು ಬಾಯಲ್ಲಿ ಹಿಡಿದು ಎಳೆಯುವಳು. ಪುಸ್ತಕದಲ್ಲೂ ಕುದುರೆ ಕೊಳ್ಳುವವನು ಬರುವ ದಿನ ಹತ್ತಿರವಾಯಿತು. ಒಂದು ಮಧ್ಯಾಹ್ನ ಝೈನಬ್ ಪುಟ ತಿರುವಿದಳು, ಮನಸ್ಸಿನಲ್ಲೇ ಓದಿಕೊಂಡಳು, ಓದುತ್ತ ಓದುತ್ತ ಮುಖ ಸಣ್ಣಗಾಯಿತು. ನನ್ನ ಕಡೆ ನೋಡಿದಳು.

"ಮುಂದ ಏನಾಯ್ತು? ಒಯ್ದರೇನು?" ಅಂದೆ.

ಅವಳು ಪುಸ್ತಕದ ನಡುವೆ ಬೆರಳಿಟ್ಟು ಮುಚ್ಚಿದಳು. ಮುಚ್ಚಿಕೊಂಡೇ ಹೇಳಿದಳು: "ರೋ ನಕ್ಕೋ, ಅಳಬೇಡ. ಆ ಹುಡುಗಿ ಏನು ಮಾಡಿದಳು ಗೊತ್ತಾ? ಒಲೆಯ ಮಸಿ ತಂದು ಕುದುರೆ ಹಣೆಯ ಚುಕ್ಕೆಗೆ ಬಳಿದಳು. ಚುಕ್ಕೆ ಮಾಯ! ಕೊಳ್ಳುವವನು ಬಂದ, ಇದು ಆ ಕುದುರೆಯೇ ಅಲ್ಲ ಅಂತ ತಿರುಗಿ ಹೋದ. ಕುದುರೆ ಮನೆಯಲ್ಲೇ ಉಳಿಯಿತು."

ನಾನು ಚಪ್ಪಾಳೆ ತಟ್ಟಿದೆ. ಪುಸ್ತಕ ಮುಚ್ಚಿ ಹೇಳುತ್ತಿದ್ದಾಳೆಂದರೆ ಅವಳಿಗೆ ಬಾಯಿಪಾಠ ಆಗಿರಬೇಕು ಅಂತ ಮೆಚ್ಚಿಕೊಂಡೆ.

ಗುರುತು ಹೋದರೆ ಕುದುರೆ ಉಳಿಯುತ್ತದೆ. ಇದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಮಸಿಯಿಂದ ಸುಳಿ ಹೋಗುವುದಿಲ್ಲ, ಅಷ್ಟು ಬುದ್ಧಿ ಇತ್ತು. ಕತ್ತರಿಸಿದರೆ ಕೂದಲು ಮತ್ತೆ ಅಲ್ಲೇ ಸುತ್ತಿಕೊಂಡು ಬೆಳೆಯುತ್ತದೆ. ಬೇರೇನು ಮಾಡಬೇಕು? ಆಗ ಮಡಿವಾಳರ ಸಂಗವ್ವ ನೆನಪಾದಳು. ಅವಳು ಬಿಬ್ಬಾ ಬೀಜ ದೀಪಕ್ಕೆ ಹಿಡಿದು, ಸೂಜಿ ಚುಚ್ಚಿ, ಒಸರಿದ ಎಣ್ಣೆಯಿಂದ ಬಟ್ಟೆಗೆ ಗುರುತು ಹಾಕುತ್ತಿದ್ದಳು. ಒಮ್ಮೆ ಒಂದು ಹನಿ ಅವಳ ಮುಂಗೈಗೆ ಬಿದ್ದು ಬೊಬ್ಬೆ ಎದ್ದಿತ್ತು. "ನೋಡವಾ, ಈ ಜಾಗದಾಗ ಮತ್ತ ಕೂದಲ ಬರಲಿಲ್ಲ," ಅಂತ ತೋರಿಸಿದ್ದಳು. ಕೂದಲೇ ಇಲ್ಲದ ಮೇಲೆ ಸುಳಿ ಎಲ್ಲಿಯದು!

ಅವಳ ಜೋಳಿಗೆಯಿಂದ ಒಂದು ಬೀಜ ಕದ್ದೆ. ಮರುದಿನ ಉರಿ ಮಧ್ಯಾಹ್ನ, ಅಪ್ಪ ಟಾಂಗಾ ನೆರಳಲ್ಲಿ ಮಲಗಿದ್ದ, ಆಯಿ ಒಳಗೆ ಬೇಳೆ ಹಸನು ಮಾಡುತ್ತಿದ್ದಳು. ನಾನು ದೀಪಕ್ಕೆ ಕಾಸಿದ ಬೀಜವನ್ನು ಅಂಗೈಯಲ್ಲಿ ಹಿಡಿದು, ಜಾಲಿ ಮುಳ್ಳಿನ ತುದಿಗೆ ಎಣ್ಣೆ ಅದ್ದಿಕೊಂಡು ಮಿರಗಿಯ ಹತ್ತಿರ ಹೋದೆ. ಅವಳು ಬೆಲ್ಲ ತಂದಿದ್ದೇನೆ ಅಂದುಕೊಂಡು ತಾನೇ ಮುಖ ಮುಂದೆ ಚಾಚಿದಳು. ಅದನ್ನು ಇವತ್ತಿಗೂ ಮರೆಯಲು ಆಗಿಲ್ಲ. ಒಂದು ಚುಕ್ಕಿ ಇಟ್ಟೆ, ಸುಮ್ಮನಿದ್ದಳು. ಎರಡನೆಯದು ಇಟ್ಟಾಗ ಉರಿ ಹತ್ತಿತೋ ಏನೋ, ತಲೆ ಝಾಡಿಸಿದಳು. ಬಿಬ್ಬಾ ನನ್ನ ಅಂಗೈಯಲ್ಲಿ ಒಡೆಯಿತು. ಎಣ್ಣೆ ಅವಳ ಕಣ್ಣಿಗೆ ಸಿಡಿಯಿತು.

ಸಂಜೆಯ ಹೊತ್ತಿಗೆ ಕಣ್ಣು ಬಾತು ಮುಚ್ಚಿಹೋಯಿತು. ಆ ಕಣ್ಣಿಂದ ಸುರಿದ ನೀರು ಸರಿಯಾಗಿ ಸುಳಿಯ ಮೇಲೆಯೇ ಇಳಿಯುತ್ತಿತ್ತು. ಅಪ್ಪ ಹಣೆ ಹಣೆ ಬಡಿದುಕೊಂಡ. "ಇಮಾಮ ಹೇಳಿದ್ದ. ಸುಳಿ ತನ್ನ ಗುಣ ತೋರಿಸ್ತು ನೋಡು," ಅಂದ. ನಾನು ಬೊಬ್ಬೆ ಎದ್ದ ಬಲಗೈಯನ್ನು ಲಂಗದಲ್ಲಿ ಮುಚ್ಚಿಕೊಂಡು ನಿಂತಿದ್ದೆ. ಬಾಯಿಬಡುಕಿ ಅಂತ ಓಣಿಯಲ್ಲೆಲ್ಲ ಹೆಸರು ನನಗೆ. ಆ ದಿನ ಒಂದು ಮಾತು ಹೊರಡಲಿಲ್ಲ. ಕುದುರೆಯ ಸುಳಿಯ ಮೇಲೆ ತಪ್ಪು ಹೋಗಲಿ ಅಂತ ಬಿಟ್ಟೆ, ಅಂಥ ಹೇಡಿ ನಾನು.

ಎರಡು ದಿನಕ್ಕೆ ಮುನ್ಸೀಫ ಸಾಹೇಬರಿಗೆ ಮತ್ತೆ ವರ್ಗವಾದ ಸುದ್ದಿ ಬಂತು. ಹೊರಡುವ ಬೆಳಿಗ್ಗೆ ಝೈನಬ್ ತಾಯಿಯ ಕಣ್ಣು ತಪ್ಪಿಸಿ ನಮ್ಮ ಹಿತ್ತಲಿಗೆ ಓಡಿ ಬಂದಳು. ಮಿರಗಿಯ ಕಣ್ಣು ನೋಡಿ ಅಲ್ಲೇ ನಿಂತಳು. ಅವಳೊಬ್ಬಳಿಗೆ ಮಾತ್ರ ಹೇಳಿದೆ: "ನಾನೇ ಮಾಡಿದ್ದು. ನಿನ್ನ ಪುಸ್ತಕದಾಗ ಆಕಿ ಮಾಡಿದಂಗ ಗುರುತ ತೆಗೀಲಿಕ್ಕ ಹೋದೆ."

"ಯಾ ಅಲ್ಲಾ," ಅಂದಳು. ಚಪ್ಪರದ ಕಂಬ ಹಿಡಿದು ಎಷ್ಟು ಅತ್ತಳೆಂದರೆ ಕುದುರೆ ಅವಳದೋ ನನ್ನದೋ ಅಂತ ನನಗೇ ಅನುಮಾನವಾಯಿತು. ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಹೊರಗಿಂದ ಅವಳ ತಾಯಿ ಕೂಗಿದರು. ಬಟ್ಟೆಯಲ್ಲಿ ಸುತ್ತಿ ತಂದಿದ್ದ ಕೆಂಪು ಪುಸ್ತಕವನ್ನು ನನ್ನ ಕೈಗೆ ತುರುಕಿದಳು. "ಮಿರಗಿಯನ್ನು ಮಾರುತ್ತಾರಾ?" ಅಂತ ಕೇಳಿದಳು.

"ನಾಳಿ ಸೌದಾಗರ ಬರ್ತಾನ," ಅಂದೆ.

ಅಪ್ಪ ಅವರನ್ನು ಬೀದರಕ್ಕೆ ಬಿಡಲು ಹೋದ. ಪರದೆ ಕಟ್ಟಿದ ಟಾಂಗಾ ಓಣಿ ತಿರುಗಿತು. ಮುಗಿಯಿತು, ಮತ್ತೆ ನಾನು ಝೈನಬಳನ್ನು ನೋಡಲಿಲ್ಲ.

ಮರುದಿನ ಸಂಜೆ ಅಪ್ಪ ತಿರುಗಿ ಬರುವುದಕ್ಕೂ ಸೌದಾಗರ ಬರುವುದಕ್ಕೂ ಸರಿಹೋಯಿತು. ಹಳದಿ ರುಮಾಲು, ಎಲೆ ಅಡಿಕೆ ತುಂಬಿದ ಬಾಯಿ. ಇಮಾಮಸಾಬನೂ ಮಾತುಕತೆಗೆ ಬಂದಿದ್ದ. ಸೌದಾಗರ ಮಿರಗಿಯ ಗದ್ದ ಹಿಡಿದು ಮುಖ ಎತ್ತಿದ. ನನಗೆ ಒಳಗೊಳಗೇ ಒಂದು ಆಸೆ: ಕಣ್ಣು ಹೋದ ಕುದುರೆಯನ್ನು ಯಾರು ಕೊಳ್ಳುತ್ತಾರೆ? ಬೇಡ ಅಂತಾನೆ, ಬಿಟ್ಟು ಹೋಗುತ್ತಾನೆ.

"ಒಂದ ಕಣ್ಣ ಹೋಗ್ಯದ," ಅಂದ ಅಪ್ಪ ಮೆಲ್ಲಗೆ. "ಮೊದಲೇ ಹೇಳ್ತೇನಿ, ಮುಚ್ಚಿಡೋದು ಬ್ಯಾಡ."

ಸೌದಾಗರ ಉಗುಳಿ ನಕ್ಕ. "ಹೋಗ್ಲಿ ಬಿಡ್ರಿ! ಗಾಣಕ್ಕ ಕಣ್ಣ ಯಾಕ ಬೇಕು? ಹ್ಯಾಂಗೂ ಪಟ್ಟಿ ಕಟ್ಟೋದೇ ಅದ."

ಬೂದು ಕುದುರೆಯ ಸುಲಿದ ಕಾಲು ಕಣ್ಣ ಮುಂದೆ ಬಂತು. ಸೌದಾಗರ ಹಗ್ಗ ಬಿಚ್ಚಿ ಮಿರಗಿಯ ಕೊರಳಿಗೆ ಹಾಕಿದ. ಅವಳು ಕಾಣುವ ಕಣ್ಣಿನಿಂದ ನನ್ನನ್ನೇ ಹುಡುಕುತ್ತಿದ್ದಳು. ನಾನು ಓಡಿಹೋಗಿ ಹಗ್ಗ ಹಿಡಿದೆ. ಬೊಬ್ಬೆ ಒಡೆದ ಅಂಗೈಗೆ ಹಗ್ಗ ತಾಗಿ ಚೀರಿದೆ.

"ಕೈಗಿ ಏನಾಗ್ಯದ?" ಅಂದ ಅಪ್ಪ.

ಅಂಗೈ ಬಿಚ್ಚಿ ತೋರಿಸಿದೆ. "ಸುಳಿ ಅಲ್ಲಪ್ಪ. ಸುಳಿ ಏನೂ ಮಾಡಿಲ್ಲ. ಬಿಬ್ಬಾ ಹಚ್ಚಿ ಸುಳಿ ಸುಡಲಿಕ್ಕ ಹೋಗಿದ್ದೆ. ಕಣ್ಣ ತೆಗದಾಕಿ ನಾನೇ. ಮಾರೋದಿದ್ರ ನನ್ನ ಮಾರು!"

ಇಮಾಮಸಾಬ್ ನನ್ನ ಕೈ ನೋಡಿದ, ಮಿರಗಿಯ ಕಣ್ಣಿನ ಕೆಳಗಿನ ಎರಡು ಕಪ್ಪು ಚುಕ್ಕಿ ನೋಡಿದ. "ಹೌದು ಗುರಪ್ಪ. ಇದು ಬಿಬ್ಬಾನೇ. ಎರಡೂ ಒಂದೇ ಗಾಯ," ಅಂದ. ಆಮೇಲೆ ತಲೆ ತಗ್ಗಿಸಿದ. "ಆ ದಿನ ನಾ ಬಾಯಿ ಮುಚ್ಕೊಂಡಿದ್ರ ಇದು ಯಾವದೂ ಆಗ್ತಿರಲಿಲ್ಲ."

ಅಪ್ಪ ಹೊಡೆಯುತ್ತಾನೆ ಅಂತ ಕಣ್ಣು ಮುಚ್ಚಿಕೊಂಡೆ. ಹೊಡೆಯಲಿಲ್ಲ. ನನ್ನ ಕೈ ಹಿಡಿದು ಅತ್ತ. ಅಪ್ಪ ಅಳುವುದನ್ನು ನೋಡಿ ನಾನೂ ಜೋರಾಗಿ ಅತ್ತೆ. ಇಮಾಮಸಾಬ್ ರುಮಾಲಿನ ಚುಂಗಿನಿಂದ ಮೂಗು ಒರೆಸಿಕೊಂಡ. ಬಿಬ್ಬಾದ ಉರಿಗೆ ಕೊಬ್ಬರಿ ತೇದು ತರಲು ಒಳಗೆ ಹೋದ ಆಯಿ, ಬಟ್ಟಲು ಹಿಡಿದು ಅಳುತ್ತಲೇ ಹೊರಗೆ ಬಂದಳು. ಕೊಬ್ಬರಿಯನ್ನು ನನ್ನ ಅಂಗೈಗೆ ಮೆತ್ತುತ್ತ ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿದಳು.

"ಕಣ್ಣೀರ ಸುಳಿ, ಮನಿ ಅಳ್ತದ ಅಂದ್ರಿ ಅಲ್ಲೇನು? ಅತ್ತಾಯ್ತಲ್ಲ ಎಲ್ಲಾರೂ? ಹೊರಗಿನ ನಾಲಬಂದ ಸೈತ ಅತ್ತ. ಇನ್ನೇನು ಉಳದದ ಅದರ ಕೆಲಸ? ಸುಳಿ ತೀರ್ತು. ಕುರುಡಗಣ್ಣಿಗಿಂತ ಮೆಳ್ಳಗಣ್ಣ ಲೇಸು, ಒಂದ ಕಣ್ಣ ಅದಲ್ಲ. ಕಟ್ಟು ಕುದುರಿನ ಗೂಟಕ್ಕ!"

ಅಪ್ಪ ಎದ್ದು ಮಿರಗಿಯ ಕೊರಳಿನ ಹಗ್ಗ ಬಿಚ್ಚಿ ಸೌದಾಗರನ ಕೈಗೆ ಕೊಟ್ಟ. "ಕುದುರಿದು ತಪ್ಪಿದ್ರ ಕೊಡ್ತಿದ್ದೆ ಸಾಹೇಬ. ಇದು ನನ್ನ ಮಗಳ ತಪ್ಪು. ಮಗಳ ತಪ್ಪ ಮಂದಿಗಿ ಮಾರಲಿಕ್ಕ ಬರಲ್ಲ."

ಸೌದಾಗರ ಗೊಣಗುತ್ತ ಹೋದ. ಮೂರನೆಯ ದಿನಕ್ಕೆ ಮಿರಗದ ಮಳೆ ಬಂತು.

ಆ ಸುಳಿ ತೀರಿದ ಕಥೆಯನ್ನು ಆಯಿ ಊರಿಗೆಲ್ಲ ಸಾರಿದಳು. ಮುಂದೆ ಮಿರಗಿ ಟಾಂಗಾ ಎಳೆದಳು. ರೈಲು ಬಂದಮೇಲೆ ಠೇಸನ್ನಿನಿಂದ ಊರಿಗೆ ಮದುವೆ ಮಂದಿಯನ್ನೂ ಬಾಣಂತಿಯರನ್ನೂ ತಂದಳು. ನನ್ನನ್ನು ಗಂಡನ ಮನೆಗೆ ಬಿಟ್ಟು ಬಂದವಳೂ ಅವಳೇ. ಎಡಗಡೆಯಿಂದ ಹೋಗುವಾಗ ಮುಟ್ಟುವ ಮೊದಲು "ಮಿರಗೀ, ನಾನು" ಅನ್ನಬೇಕು, ಇಲ್ಲದಿದ್ದರೆ ಬೆಚ್ಚುತ್ತಿದ್ದಳು. ಅವಳು ಇರುವ ತನಕ ನಾನು ಒಮ್ಮೆಯೂ ಹೇಳದೆ ಮುಟ್ಟಲಿಲ್ಲ.

ಇಷ್ಟನ್ನೂ ಸುಧಾಗೆ ಹೇಳಿದೆ. ಆಮೇಲೆ ಅವಳು ಮೂರು ದಿನ ಕೂತು ಪುಸ್ತಕವನ್ನು ಮೊದಲಿನಿಂದ ಓದಿ ಕನ್ನಡದಲ್ಲಿ ಹೇಳಿದಳು. ಚಳಿ ದೇಶ ಬಂತು, ಚಿಕ್ಕಪ್ಪ ಬಂದ, ಬಿಳಿ ಚುಕ್ಕೆ ಬಂತು. ನಾನು ಮುಂದೆ ಮುಂದೆ ಹೇಳುತ್ತಿದ್ದೆ, "ಈಗ ನೋಡು, ಮಸಿ ಬಳೀತಾಳ." ಸುಧಾ ಪುಟ ತಿರುವಿದಳು. ಇನ್ನೊಂದು ತಿರುವಿದಳು.

"ಇಲ್ಲ ಆಯಿ. ಕೊಳ್ಳಾಂವ ಬಂದ, ಕುದುರಿ ಒಯ್ದ. ಹುಡುಗಿ ಗೇಟಿನ ಹತ್ರ ನಿಂತು ನೋಡ್ತಾಳ, ಅಷ್ಟೇ."

"ಛಂದಾಗಿ ನೋಡು!"

ಕೊನೆಯ ಪುಟದವರೆಗೂ ಓದಿದಳು. ಮಸಿಯ ಮಾತು ಎಲ್ಲಿಯೂ ಇರಲಿಲ್ಲ. ಹುಡುಗಿಗೆ ಆ ಕುದುರೆ ಮತ್ತೆ ಸಿಗುವುದು ಅವಳು ದೊಡ್ಡವಳಾದ ಮೇಲೆ, ಕುದುರೆ ಮುದಿಯಾದ ಮೇಲೆ.

ಆ ಮಧ್ಯಾಹ್ನ ಝೈನಬ್ ಪುಸ್ತಕದಲ್ಲಿ ಬೆರಳಿಟ್ಟು ಮುಚ್ಚಿದ್ದು ನೆನಪಾಯಿತು. ಕುದುರೆ ಮಾರಾಟವಾಯಿತು ಅಂತ ನನ್ನ ಮುಖ ನೋಡಿ ಹೇಳಲಾರದೆ, ನನಗೋಸ್ಕರ ಅಲ್ಲೇ ಕಟ್ಟಿದ ಕಥೆ ಅದು. ಹಿತ್ತಲ ಕಂಬ ಹಿಡಿದು ಅವಳು ಹಾಗೆ ಯಾಕೆ ಅತ್ತಳು, ಏನು ಹೇಳಲು ಬಾಯಿ ತೆರೆದಳು, ಎಲ್ಲ ಈಗ ತಿಳಿಯಿತು. ನನ್ನ ತಪ್ಪನ್ನು ಅಪ್ಪನ ಮುಂದೆ ಹೇಳಿ, ಅತ್ತು ನಾನು ಹಗುರಾದೆ. ಅವಳು ಮಾತ್ರ ತನ್ನದನ್ನು ಹೊತ್ತುಕೊಂಡೇ ಟಾಂಗಾ ಹತ್ತಿದಳು. ಎರಡು ದಿನ ತಡವಾಗಿ ಹೋಗಿದ್ದರೂ ಮಿರಗಿ ಉಳಿದದ್ದು ಅವಳಿಗೆ ಗೊತ್ತಾಗುತ್ತಿತ್ತು.

"ಸುಳ್ಳ ಹೇಳ್ಯಾಳಲ್ಲ ಆಯಿ ಆಕಿ," ಅಂದಳು ಸುಧಾ.

"ಹೇಳ್ಯಾಳ. ಆ ಸುಳ್ಳ ಇಲ್ಲದಿದ್ರ ಮಿರಗಿ ಎರಡೂ ಕಣ್ಣ ಇಟ್ಕೊಂಡು ಗಾಣ ತಿರಗತಿದ್ದಳು."

ಪುಸ್ತಕವನ್ನು ಅದೇ ಬಟ್ಟೆಯಲ್ಲಿ ಸುತ್ತಿದೆ. ಝೈನಬ್ ಎಲ್ಲಿದ್ದಾಳೋ, ಇದ್ದಾಳೋ ಇಲ್ಲವೋ. ಸುಧಾ ನೀರು ತರಲು ಎದ್ದು ಹೋದಾಗ, ಯಾರೂ ಇಲ್ಲದ್ದು ನೋಡಿ, ಪುಸ್ತಕದ ಗಂಟಿನ ಹತ್ತಿರ ಬಾಯಿ ತಂದು ಹೇಳಿದೆ:

"ಝೈನಬ್, ನಾನು. ಮಿರಗಿನ ಮಾರಲಿಲ್ಲ ನೋಡವಾ."